ಸ್ತೋತ್ರ ಹಚ್ಚಿದ ಬೈಗುಳ

“ಕರ್ತನಿಗೆ ಸ್ತೋತ್ರ. ನಮ್ಮ ಪೋರಿ ಗುಡಿಯಾಳಿಗಿ ಎಂಥಾ ವರ ಗಂಟುಬಿದ್ದಾನ ನೋಡ್ರಿ. ಆರನೇ ಕ್ಲಾಸಿಗೇ ಸಾಲಿ ಬಿಟ್ಟಾನ, ಆದ್ರ ಬಾಯಿ ಮಾತ್ರ ಎಂ.ಎ. ಮಾಡ್ಯಾದ.”

ಭಾಲ್ಕಿಯ ಚರ್ಚಿನಂಗಳದಲ್ಲಿ ಸಂಜೆಯ ಪ್ರಾರ್ಥನೆ ಮುಗಿದು ಚಹಾ ಕೈಗೆ ಬರುವ ಹೊತ್ತಿಗೆ, ಗುಡಿಯಾಳ ಸೋದರಮಾವ ಸುಶೀಲಕುಮಾರ ಎಲ್ಲರೆದುರು ಹೀಗೆಂದ. ಇಡೀ ಸಭೆ ನಕ್ಕಿತು. ಏನಾದರೊಂದು ನೆಪ ಹುಡುಕಿ ಸಂತಪುರದಿಂದ ಟಂಟಂ ಆಟೋ ಓಡಿಸಿಕೊಂಡು ಬರುವ ನನ್ನ ಕಿವಿ ಕಾದ ಹಂಚಾಯಿತು.

ಬೈದದ್ದಕ್ಕೆ ಅವನಿಗೆ ದಂಡವಿಲ್ಲ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಿಗೆ ಪಾಸ್ಟರ್ ಈ ವರ್ಷ ಹೊಸ ನೇಮ ಹಾಕಿದ್ದರು. ಮಾಂಸ ಬಿಡುವವರು ಬಿಡಲಿ, ಗೊಣಗುವುದನ್ನು ಎಲ್ಲರೂ ಬಿಡಬೇಕು. ಗೊಣಗಿದವರು ಅಂದಿನ ಕಪ್ಪು-ಬಸಿ ತೊಳೆಯಬೇಕು. ಮೊದಲ ವಾರ ಜನ ತೊಳೆದೂ ತೊಳೆದೂ ಸುಸ್ತಾದರು. ಆಮೇಲೆ ಒಂದು ದಾರಿ ಸಿಕ್ಕಿತು. ಮಾತಿನ ಮುಂದೆ ಸ್ತೋತ್ರ ಹಚ್ಚಿದರೆ ಅದು ಗೊಣಗಾಟವಲ್ಲ. ಸ್ತೋತ್ರ, ಸೊಸೆ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಾಳೆ. ಸ್ತೋತ್ರ, ಇವತ್ತು ಪಾಸ್ಟರ್ ಪ್ರಸಂಗ ಮುಗಿಯಲೇ ಇಲ್ಲ. ಇದಕ್ಕೆ ಪಾಸ್ಟರ್ ಕೂಡ ಅಭ್ಯಾಸಬಲದಿಂದ ಆಮೆನ್ ಎಂದುಬಿಟ್ಟರು.

ನನಗೆ ಮಾತ್ರ ಬೇರೆಯೇ ಕರಾರು. ಗುಡಿಯಾಳ ಅವ್ವ ಎಸ್ತೇರಬಾಯಿ ಮೊದಲ ದಿನವೇ ಹೇಳಿದ್ದರು:

“ಅಮೋಲ್, ಈಸ್ಟರ್ ತನಕ ನಿನ್ನ ಬಾಯಾಗಿಂದ ಒಂದು ಕೆಟ್ಟ ಮಾತು ಬರಲಿಲ್ಲಂದ್ರ ಪೋರಿ ನಿಂದು. ಬಂತಂದ್ರ ನಿನ್ನ ಟಂಟಂ ಈ ಓಣಿಗಿ ತರಬ್ಯಾಡ.”

ನಾನು ಬೈಯುವುದನ್ನೇ ಬಿಟ್ಟೆ. ಔರಾದ ರಸ್ತೆಯಲ್ಲಿ ಬಸ್ಸೊಂದು ನನ್ನನ್ನು ಗುಂಡಿಗೆ ಒತ್ತಿದಾಗ ಸಾವಕಾಶ ಹೋಗಿರಿ ಅಣ್ಣಾರ ಎಂದೆ. ಡ್ರೈವರ್ ಗಾಬರಿಯಾಗಿ ಬಸ್ಸು ನಿಲ್ಲಿಸಿ ಇಳಿದು ಬಂದು, ಜ್ವರ ಬಂದಿದೆಯೇ ಎಂದು ನನ್ನ ಹಣೆ ಮುಟ್ಟಿ ನೋಡಿದ.

ಈಗ ಈಸ್ಟರ್‌ಗೆ ಒಂದೇ ರಾತ್ರಿ ಉಳಿದಿತ್ತು. ಸುಶೀಲಕುಮಾರನ ಮುಂದೆ ನಿಂತವನಿಗೆ ಒಂದು ಉತ್ತರ ಹೊಳೆಯಿತು. ಎಂಥ ಉತ್ತರ! ಅವನ ಬಣ್ಣ ಹಚ್ಚಿದ ಮೀಸೆ, ಅವನು ಸೋತ ಕಮಿಟಿ ಎಲೆಕ್ಷನ್, ಎರಡೂ ಅದರಲ್ಲಿದ್ದವು. ಮುಂದೆ ಸ್ತೋತ್ರವೂ ಇತ್ತು, ಸಭೆಯ ಲೆಕ್ಕದಲ್ಲಿ ತಪ್ಪೇ ಅಲ್ಲ. ಹೊಟ್ಟೆಯೊಳಗೆ ನಗು ಸೋಡಾದಂತೆ ಉಕ್ಕಿತು.

“ಕರ್ತನಿಗೆ ಸ್ತೋತ್ರ” ಎಂದೆ. ಜನ ಕಪ್ಪು ತುಟಿಯ ಹತ್ತಿರವೇ ಹಿಡಿದು ಕಾದರು.

ಆ ಮಾತು ಬಾಯಲ್ಲಿ ಸಿಹಿಯಾಗಿ ನಿಂತಿತು. ಬೆನ್ನಿಗೆ ಬೈಗುಳ ಕಟ್ಟಿಕೊಳ್ಳದೆ ಅದು ಯಾರ ಬಾಯಿಂದಲೂ ಬಂದು ಎಷ್ಟೋ ದಿನವಾಗಿತ್ತು. ಇನ್ನೊಂದು ಶಬ್ದ ಸೇರಿಸಿದರೆ ದೇವರ ಹೆಸರನ್ನು ಒಯ್ದು ಮಾವನ ಮೀಸೆಗೆ ಒರೆಸಿದಂತೆ. ಸೇರಿಸಲಿಲ್ಲ.

ಸುಶೀಲಕುಮಾರ ಕುತ್ತಿಗೆ ಮುಂದೆ ಚಾಚಿದ. “ಮುಂದ?”

ಗುಡಿಯಾ ಓಡ್ನಿಯಲ್ಲಿ ಮುಖ ಮುಚ್ಚಿ ಕುಲುಕುಲು ನಗತೊಡಗಿದಳು. ಎಸ್ತೇರಬಾಯಿ ತಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಸೋಮವಾರ ನನ್ನ ಅವ್ವನನ್ನು ಕರೆದುಕೊಂಡು ಮದುವೆ ಮಾತಿಗೆ ಮನೆಗೆ ಬರಬೇಕೆಂದರು. ನನ್ನ ಕಾಲು ನೆಲಕ್ಕೆ ತಾಗಿದಂತೆಯೇ ಇರಲಿಲ್ಲ.

“ಏ, ಸ್ತೋತ್ರ ಯಾತಕ್ಕಂತ ಹೇಳಿ ಹೋಗಲೇ” ಎಂದು ಮಾವ ಹಿಂದಿನಿಂದ ಕೂಗುತ್ತಲೇ ಇದ್ದ.

ನಾನು ಗೇಟು ದಾಟಿ ನಡೆದೆ.