ಎಂಬತ್ತು ಕಿಲೋಮೀಟರು ಹಿಂದಕ್ಕೆ

"ಇವತ್ತು ಯಾವ ವಾರ?" ಜೆನಿವಾಲ್ದೊನ ಗಂಟಲು ಒಣಗಿತ್ತು.

"ಗುರುವಾರ. ನಿನ್ನೆಯಿಂದ ಬಾಯಿ ತೆಗೆದುಕೊಂಡೇ ಬಿದ್ದಿದ್ದೀಯ. ನೊಣ ಓಡಿಸಿ ಓಡಿಸಿ ನನ್ನ ಕೈ ಬಿದ್ದುಹೋಯ್ತು," ಎಂದಳು ಅತ್ತೆ ಜುಲ್ಮೀರಾ, ಅವನ ಹೆಂಡತಿಯ ತಾಯಿ.

ನರ್ಸ್ ಬಂದು ಅವನ ಎದೆಗೆ ಅಂಟಿಸಿದ್ದ ತಂತಿಗಳನ್ನು ಬಿಡಿಸಿದಳು. ಪರಾನಗ್ವಾ ಬಂದರಿಗೆ ಸೋಯಾ ಸಾಗಿಸುವ ಲಾರಿ ಅವನದು. ನಿದ್ದೆ ಓಡಿಸಲು ನುಂಗುತ್ತಿದ್ದ ಮಾತ್ರೆ ಕೆಲವೇ ವರ್ಷಗಳಲ್ಲಿ ಕೊಕೇನಿಗೆ ತಂದು ನಿಲ್ಲಿಸಿತ್ತು. ಮೂರು ಸಲ ಬಿಟ್ಟಿದ್ದ, ಮೂರು ಸಲವೂ ಮತ್ತೆ ಹಿಡಿದಿದ್ದ. ಆಫ್ರಿಕಾದ ಯಾವುದೋ ಗಿಡದ ಬೇರಿನಿಂದ ಮಾಡಿದ, ಕನಸಿನಂಥ ದೃಶ್ಯ ಕಾಣಿಸಿ ಚಟ ಬಿಡಿಸುವ ಈ ಔಷಧಿಯ ಸುದ್ದಿ ಹುಡುಕಿ, ಅವನನ್ನು ಈ ಆಸ್ಪತ್ರೆಗೆ ಬಸ್ಸು ಹತ್ತಿಸಿದವಳು ಜುಲ್ಮೀರಾ. ಮನೋವೈದ್ಯೆ ಲೆನೀರಾ ಒಂದು ತಿಂಗಳು ದಿನವೂ ಅವನನ್ನು ಮಾತಾಡಿಸಿ, ಆಮೇಲಷ್ಟೇ ಗುಳಿಗೆ ಕೊಟ್ಟಿದ್ದಳು.

ಈಗ ಲೆನೀರಾ ಕುರ್ಚಿ ಎಳೆದುಕೊಂಡು ಕೂತಳು. "ಏನು ಕಂಡ್ರಿ? ಅತ್ತೆ ಹೊರಗಿರ್ಬೇಕಾ?"

"ಬೇಡ, ಅವರೂ ಕೇಳ್ಲಿ. ಆ ಪೆಟ್ರೋಲ್ ಬಂಕು ಕಾಣಿಸ್ತು."

ಜುಲ್ಮೀರಾ ತಲೆ ಎತ್ತಲಿಲ್ಲ. ಮೂರು ವರ್ಷದ ಹಿಂದೆ, ತನ್ನ ತಮ್ಮನ ಊರಿಗೆ ಹೋಗಿದ್ದಾಗ ತೀರಿಕೊಂಡ ಮಾವನ ಮಣ್ಣಿಗೆ ಅವನು ಅವಳನ್ನು ಲಾರಿಯಲ್ಲಿ ಕರೆದೊಯ್ಯುತ್ತಿದ್ದ. ಮುಖ ತೊಳೆಯಲೆಂದು ಅವಳು ಬಂಕಿನಲ್ಲಿ ಇಳಿದಳು. ಅಮಲಿನಲ್ಲಿದ್ದವನು ಲಾರಿ ಓಡಿಸಿಕೊಂಡು ಹೊರಟೇಬಿಟ್ಟ. ಎಂಬತ್ತು ಕಿಲೋಮೀಟರು ದಾಟಿದ ಮೇಲೆ ಪಕ್ಕದ ಸೀಟು ಖಾಲಿಯಿದ್ದದ್ದು ಕಂಡಿತು. ಆದರೂ ಹಿಂದಿರುಗಲಿಲ್ಲ. ಅವಳು ಬಸ್ಸು ಹಿಡಿದು ತಲುಪುವಷ್ಟರಲ್ಲಿ ಮಣ್ಣು ಮುಗಿದಿತ್ತು. ಆಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಿರಲಿಲ್ಲ.

"ಕನಸಲ್ಲೂ ಲಾರಿ ತಿರುಗ್ಲೇ ಇಲ್ಲ ಡಾಕ್ಟ್ರೇ. ಇಳಿದು ಹಿಂದಕ್ಕೆ ನಡೆದೆ. ಎಂಬತ್ತು ಕಿಲೋಮೀಟರೂ ನಡೆದೆ. ಅತ್ತೆ ಹೂ ಹಿಡ್ಕೊಂಡು ಅಲ್ಲೇ ನಿಂತಿದ್ರು. 'ಊಟ ಆಯ್ತಾ' ಅಂದ್ರು."

"ನಾನೆಲ್ಲಿ ಹಾಗೆ ಕೇಳ್ತೀನಿ? ಹಿಡ್ಕೊಂಡು ನಾಲ್ಕು ಬಾರಿಸ್ತಿದ್ದೆ," ಎಂದಳು ಜುಲ್ಮೀರಾ.

"ಬಾರಿಸಿ ಅತ್ತೆ. ಮಾವನ ಮುಖ ನೀವು ಕೊನೇ ಸಲ ನೋಡದ ಹಾಗೆ ಮಾಡಿದೆ. ಅಂಥವನನ್ನ ಯಾಕೆ ಇಲ್ಲಿಗೆ ಕರ್ಕೊಂಡು ಬಂದ್ರಿ?"

"ಮನೇಲಿ ನಾನೊಬ್ಳು ವಿಧವೆ ಇದ್ದೀನಲ್ಲ, ಸಾಕು. ಮಗಳೂ ಆಗೋದು ಬೇಡ."

ಅವನು ಅವಳ ಕೈ ಹಿಡಿದು ಬಹಳ ಹೊತ್ತು ಅತ್ತ. ಅವಳು ಬಿಡಿಸಿಕೊಳ್ಳಲಿಲ್ಲ.

"ಔಷಧಿ ಬಾಗಿಲು ತೆಗೀತು, ಅಷ್ಟೇ. ಒಳಗಿನ ಕಸ ನಾವೇ ಗುಡಿಸ್ಬೇಕು. ವಾರಕ್ಕೊಮ್ಮೆ ಬರ್ತೀರಿ," ಎಂದಳು ಲೆನೀರಾ.

ಅವನು ತಪ್ಪದೆ ಹೋದ. ಎರಡು ಸಲ ಆಸೆ ಕೆರಳಿದಾಗ ಲೆನೀರಾಗೆ ಫೋನ್ ಮಾಡಿದ. ಲಾರಿ ಬಿಟ್ಟು ಊರೊಳಗೆ ಬ್ರೆಡ್ಡಿನ ವ್ಯಾನು ಓಡಿಸತೊಡಗಿದ.

ನವೆಂಬರಿನಲ್ಲಿ, ಸತ್ತವರ ಹಬ್ಬದ ದಿನ, ಅತ್ತೆಯನ್ನು ಮಾವನ ಸಮಾಧಿಗೆ ಕರೆದೊಯ್ದ. ಅವಳು ಕಲ್ಲುಕಟ್ಟೆಯ ಮೇಲೆ ಕೂತು ಗಂಡನಿಗೆ ಊರ ಸುದ್ದಿಯೆಲ್ಲ ಹೇಳತೊಡಗಿದಳು: ಯಾರ ಮಗಳಿಗೆ ಮದುವೆಯಾಯಿತು, ಯಾರ ಮನೆ ನಾಯಿ ಮರಿ ಹಾಕಿತು. ಜೆನಿವಾಲ್ದೊ ದೂರದಲ್ಲಿ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

ಮಾತು ನಿಲ್ಲಿಸದೆ, ಅವನ ಕಡೆ ನೋಡದೆ, ಅವಳು ಕಟ್ಟೆಯ ಮೇಲೆ ಇನ್ನೊಬ್ಬರು ಕೂರುವಷ್ಟು ಪಕ್ಕಕ್ಕೆ ಸರಿದು ಕೂತಳು.