ಯಾರ ತಲೆಯ ಹೇನು

ಪಾಠ ಮಾಡುತ್ತಿದ್ದಾಗ ನನ್ನ ತಲೆಯಿಂದ ಹೇನೊಂದು ಹಾಜರಿ ಪುಸ್ತಕದ ಮೇಲೆ ಬಿತ್ತು. ಮಕ್ಕಳು ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಕೊನೆಯ ಬೆಂಚಿನ ಕೆದರುಗೂದಲಿನವಳನ್ನು ಎಬ್ಬಿಸಿದೆ.

"ನಿನ್ನಿಂದ್ಲೇ ಇದೆಲ್ಲ! ತಲೆ ಕ್ಲೀನ್ ಮಾಡಿಸ್ಕೊಂಡೇ ಕ್ಲಾಸಿಗೆ ಬಾ."

ಮರುದಿನ ಅವಳು ಬೋಳುತಲೆಯಲ್ಲಿ ಬಂದಳು. ನೆತ್ತಿಯ ತುಂಬ ಬ್ಲೇಡಿನ ಗೀರುಗಳು.

"ಹುಡುಕಿದ್ರೆ ಒಂದೂ ಸಿಗ್ಲಿಲ್ಲ ಮಿಸ್. ನೀವು ಹೇಳಿದ್ರಿ ಅಂತ ಅಪ್ಪ ಬೋಳಿಸಿಬಿಟ್ರು."

ಸುಳ್ಳುಬುರುಕಿ ಅಂದುಕೊಂಡೆ.

ಸಂಜೆ ನನ್ನ ಮಗಳ ಜಡೆ ಬಿಚ್ಚಿದೆ. ಕೂದಲ ಬುಡದಿಂದ ಒಂದಿಂಚು ಆಚೆಗೂ ಸೀರುಗಳು ಅಂಟಿಕೊಂಡಿದ್ದವು. ಕೂದಲು ಅಷ್ಟು ಬೆಳೆದಿದೆಯೆಂದರೆ ಎರಡು ತಿಂಗಳ ಹಳೆಯವು.

"ಕಡೀತಿದೆ ಅಂತ ಎಷ್ಟು ಸಲ ಹೇಳ್ದೆ ಅಮ್ಮಾ, ನೀನು ಕೇಳಿಸ್ಕೊಂಡ್ಯಾ?"

ಮಾರನೆಯ ದಿನ ಕೊನೆಯ ಬೆಂಚಿನಲ್ಲಿ ಬೋಳುತಲೆಯವಳು ಒಬ್ಬಳೇ ಕೂತಿದ್ದಳು. ಪಕ್ಕದಲ್ಲಿ ಯಾರೂ ಕೂರಲೊಲ್ಲರು. ಹಾಜರಿ ಕರೆದೆ, ಪಾಠ ಶುರುಮಾಡಿದೆ. ಹೇನಿನ ವಿಷಯದಲ್ಲಿ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ.