ಬೇಕರಿಯಣ್ಣನ ಮೂಗು ಕಟ್ಟಿದಾಗ

ಬ್ರೆಡ್ಡು ಬೆಂದಿದೆಯೋ ಇಲ್ಲವೋ ಎಂದು ಬೇಕರಿಯಣ್ಣ ಓವನ್ನಿನ ಬಾಗಿಲು ತೆರೆದು ನೋಡಿದವನೇ ಅಲ್ಲ. ಘಮ ಮೂಗಿಗೆ ಬಡಿದರೆ ಸಾಕು. ಅಂಥವನ ಕಣ್ಣೆದುರೇ ಅಂದು ಒಂದು ಟ್ರೇ ಬ್ರೆಡ್ಡು ಸೀದು ಕರಕಲಾಯಿತು. ಅವನಿಗೆ ವಾಸನೆಯೇ ಬರಲಿಲ್ಲ.

ನೆಗಡಿ ಹಿಡಿದು ನಾಲ್ಕೈದು ದಿನವಾಗಿತ್ತು. ಬಗ್ಗಿದರೆ ಹಣೆ ಭಾರ, ಕೆನ್ನೆ ನೋವು. ಬನ್ನು ಕೊಳ್ಳಲು ಬಂದ ಪಕ್ಕದ ಮನೆಯ ನರ್ಸಮ್ಮನನ್ನು ತಡೆದು ಕೇಳಿದ.

“ಯಾವುದಾದ್ರೂ ಗಟ್ಟಿ ಮಾತ್ರೆ ಹೇಳಮ್ಮ. ಒಂದೇ ಏಟಿಗೆ ಹೋಗ್ಬೇಕು.”

“ಈಗ್ಲೇ ಬೇಡ ಅಣ್ಣ. ಮೂಗಿನ ಅಕ್ಕಪಕ್ಕ, ಹಣೆ ಒಳಗೆ ಗಾಳಿ ತುಂಬಿದ ಪುಟ್ಟ ಗೂಡುಗಳಿವೆ. ಸೈನಸ್ ಅಂದ್ರೆ ಅವೇ. ನೆಗಡಿ ಬಂದಾಗ ಅವುಗಳ ಬಾಯಿ ಕಟ್ಕೊಂಡು ಸಿಂಬಳ ಒಳಗೇ ನಿಲ್ಲುತ್ತೆ. ಹೆಚ್ಚಿನವರಿಗೆ ತಾನಾಗೇ ವಾಸಿಯಾಗುತ್ತೆ. ನೀರು ಕುಡೀರಿ, ಚೆನ್ನಾಗಿ ನಿದ್ದೆ ಮಾಡಿ, ಔಷಧಿ ಅಂಗಡೀಲಿ ಸಿಗೋ ಉಪ್ಪುನೀರಿನ ಹನಿ ಮೂಗಿಗೆ ಹಾಕ್ಕೊಳ್ಳಿ.”

“ಆಂಟಿಬಯೋಟಿಕ್ಕು?”

“ವೈರಸ್ಸಿನ ನೆಗಡಿಗೆ ಅದು ನಾಟೋದೇ ಇಲ್ಲ. ಆದ್ರೆ ಹತ್ತು ದಿನ ಆದ್ರೂ ಇಳೀಲಿಲ್ಲ, ಇಲ್ಲಾ ಇಳಿದಿದ್ದು ಮತ್ತೆ ಜೋರಾಯ್ತು ಅಂದ್ರೆ ಡಾಕ್ಟರಿಗೆ ತೋರಿಸ್ಲೇಬೇಕು.”

ಅವಳು ಹೋದ ಮೇಲೆ ಬೇಕರಿಯಣ್ಣ ಮೂಗು ಮುರಿದ. “ನೀರು ಕುಡೀಬೇಕಂತೆ! ಇದನ್ನ ಹೇಳೋಕೆ ನರ್ಸು ಬೇಕಾ?”

“ಕಟ್ಟಿರೋ ಮೂಗನ್ನ ಮುರಿಯೋಕೆ ಬೇರೆ ಹೋಗ್ಬೇಡಿ,” ಎಂದಳು ಹೆಂಡತಿ.

ಗೊಣಗುತ್ತಲೇ ಹನಿ ಹಾಕಿಕೊಂಡ. ಉಸಿರು ಸಲೀಸಾಯಿತು. ಬಚಾವಾದೆ ಎಂದುಕೊಳ್ಳುವಷ್ಟರಲ್ಲಿ ಜ್ವರ ಏರಿತು, ಎಡಗೆನ್ನೆ ಸಿಡಿಯತೊಡಗಿತು. ನರ್ಸಮ್ಮನಿಗೆ ಹೇಳಿದರೆ ಮತ್ತೆ ‘ಕಾಯಿರಿ’ ಅನ್ನುತ್ತಾಳೆ, ಅಷ್ಟೇ ತಾನೇ ಎಂದು ಹಲ್ಲು ಕಚ್ಚಿಕೊಂಡು ಹಿಟ್ಟು ನಾದಿದ.

ಮರುದಿನ ಬೆಳಿಗ್ಗೆ ಎಡಗಣ್ಣು ಕೆಂಪಾಗಿ ಬಾತುಕೊಂಡಿತ್ತು. ಎದುರು ನಿಂತ ಹೆಂಡತಿ ಇಬ್ಬರಾಗಿ ಕಂಡಳು. ಅವಳು ಚಪ್ಪಲಿಯನ್ನೂ ಮೆಟ್ಟದೆ ಓಡಿ ನರ್ಸಮ್ಮನನ್ನು ಕರೆತಂದಳು.

“ಏಳಿ ಅಣ್ಣ, ಆಸ್ಪತ್ರೆಗೆ.”

“ಓವನ್ನಲ್ಲಿ ಬನ್ನಿದೆ. ಮಧ್ಯಾಹ್ನ ಹೋದ್ರಾಯ್ತು...”

“ಮಧ್ಯಾಹ್ನ ಅಲ್ಲ, ಈಗ. ಸೋಂಕು ಕಣ್ಣಿನ ಕಡೆ ಹೊರಟಿದೆ, ಅಲ್ಲಿಂದ ಮಿದುಳಿಗೂ ದೂರ ಇಲ್ಲ. ಅತ್ತಿಗೆ, ಓವನ್ ಆರಿಸಿ.”

ಅವಳ ದನಿ ಏರಲಿಲ್ಲ. ಆದರೂ ಅವನು ಕೈಯ ಹಿಟ್ಟು ಒರೆಸಿಕೊಂಡು ಎದ್ದ. ಬಾಡಿಗೆ ಕಾರಿನಲ್ಲಿ ಕೂತಾಗ, ‘ನಾನು ಅವತ್ತೇ ಹೇಳಿರಲಿಲ್ವಾ?’ ಎಂಬ ಮಾತಿಗಾಗಿ ಕುಗ್ಗಿಕೊಂಡೇ ಕಾದ. ಆ ಮಾತು ಬರಲೇ ಇಲ್ಲ. ನರ್ಸಮ್ಮ ಆಸ್ಪತ್ರೆಗೆ ಫೋನು ಮಾಡಿ, ಅವನ ಜ್ವರ, ಊತ, ದೃಷ್ಟಿ ಎಲ್ಲವನ್ನೂ ಮೊದಲೇ ತಿಳಿಸುತ್ತಿದ್ದಳು.

“ಇನ್ನೂ ತಡ ಮಾಡಿದ್ರೆ ಕಣ್ಣು ಉಳಿಯೋದು ಕಷ್ಟ ಇತ್ತು,” ಎಂದರು ಡಾಕ್ಟರು. ಕೆಲವು ದಿನ ರಕ್ತನಾಳಕ್ಕೆ ಔಷಧಿ ಕೊಟ್ಟ ಮೇಲೆ ಊತ ಇಳಿಯಿತು. ಕಣ್ಣು ಉಳಿಯಿತು.

ಮನೆಗೆ ಬಂದ ದಿನ ಬೇಕರಿಯಣ್ಣ ಹೆಂಡತಿಗೆ ಹೇಳಿದ: “ಕಾಯಿರಿ ಅನ್ನೋಕೂ ಧೈರ್ಯ ಬೇಕು, ಓಡಿ ಅನ್ನೋಕೂ ಧೈರ್ಯ ಬೇಕು ಕಣೇ. ಆ ಹುಡುಗಿಗೆ ಎರಡೂ ಇದೆ.” ಈಗ ಗಿರಾಕಿಗಳಲ್ಲಿ ಯಾರಾದರೂ ಮೂಗು ಸೊರಗುಟ್ಟಿಸಿದರೆ ಚಿಲ್ಲರೆ ಕೊಡುವ ಮೊದಲು ಅವನು ಕೇಳುವುದೇ, “ಎಷ್ಟು ದಿನ ಆಯ್ತು?” ಎಂದು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮನ್ನೂ ನಾವು ಅದನ್ನೇ ಕೇಳುತ್ತೇವೆ. ಸಾಮಾನ್ಯ ನೆಗಡಿಗೆ ಗಾಬರಿ ಬೇಡ. ಇನ್ನೊಬ್ಬರು ಉಳಿಸಿದ ಮಾತ್ರೆಯಂತೂ ಬೇಡವೇ ಬೇಡ. ಹತ್ತು ದಿನ ದಾಟಿದರೆ, ಇಳಿದದ್ದು ಮತ್ತೆ ಏರಿದರೆ, ಜ್ವರ ಜೋರಾದರೆ ಡಾಕ್ಟರನ್ನು ಕಾಣಿ. ಕಣ್ಣು ಊದಿದರೆ, ಒಂದು ಎರಡಾಗಿ ಕಂಡರೆ, ತಲೆನೋವು ತಡೆಯಲಾಗದಿದ್ದರೆ, ಕುತ್ತಿಗೆ ಬಿಗಿದರೆ, ಮಾತು ತಡವರಿಸಿದರೆ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಹೊರಡಿ. ಬನ್ನು ಇನ್ನೊಂದು ಸಲ ಬೇಯಿಸಬಹುದು, ಕಣ್ಣು ಇನ್ನೊಂದು ಸಲ ಬರುವುದಿಲ್ಲ.